ಎರವಲು ಕಂಬಗಳ ಊರು: ಕೊರ್ಡೋಬಾದಲ್ಲಿ ನಾಲ್ಕು ದಿನ

ಮೊದಲ ದಿನ, ಗುರುವಾರ

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಲ್ಲಿ ವೇಗದ ರೈಲು ಹತ್ತಿದರೆ ಎರಡು ಗಂಟೆಯೊಳಗೆ ದಕ್ಷಿಣ ಸ್ಪೇನಿನ ಕೊರ್ಡೋಬಾ. ನಿಲ್ದಾಣದಿಂದ ಹಳೇ ಊರಿಗೆ ಅರ್ಧ ಗಂಟೆಯ ನಡಿಗೆ. ದೂರ ಹೆಚ್ಚಲ್ಲ, ಕಾಡುವುದು ನೆಲ. ಹಳೇ ಗಲ್ಲಿಗಳಿಗೆಲ್ಲ ಉರುಟು ಹೊಳೆಗಲ್ಲು ಹಾಸಿದ್ದಾರೆ. ಅದರ ಮೇಲೆ ಸೂಟ್‌ಕೇಸ್ ಎಳೆದರೆ ಹತ್ತೇ ನಿಮಿಷಕ್ಕೆ ಅದರ ಚಕ್ರವೂ ನಮ್ಮ ಮಣಿಕಟ್ಟೂ ಸೋಲುತ್ತವೆ. ಬೆನ್ನಿಗೆ ಹಾಕುವ ಚೀಲವೇ ವಾಸಿ. ತೆಳು ಅಟ್ಟೆಯ ಚಪ್ಪಲಿಯಂತೂ ಬೇಡವೇ ಬೇಡ.

ಮೇ ತಿಂಗಳ ಎರಡನೇ ವಾರ. ಮಧ್ಯಾಹ್ನ ಮೂರಕ್ಕೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಎರಡರಿಂದ ಐದರವರೆಗೆ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಹಾಗಾಗಿ ಊರಿನ ದಿನಚರಿಯೇ ಬಿಸಿಲಿಗೆ ತಕ್ಕಂತೆ ಎರಡು ಹೋಳಾಗಿದೆ: ಬೆಳಿಗ್ಗೆ ಒಂದು ದಿನ, ಸಂಜೆ ಆರರ ಮೇಲೆ ಇನ್ನೊಂದು. ಪ್ರವಾಸಿಯೂ ಅದನ್ನೇ ಹಿಡಿಯಬೇಕು. ನಡುಹಗಲಲ್ಲಿ ನಾಲ್ಕು ಸ್ಮಾರಕ ಮುಗಿಸುತ್ತೇನೆಂದು ಹೊರಟವರಿಗೆ ಮುಚ್ಚಿದ ಬಾಗಿಲು ಮತ್ತು ತಲೆನೋವು, ಎರಡೂ ಖಾತ್ರಿ.

ಸಂಜೆ ಏಳಕ್ಕೆ ಹೊಳೆಯ ಕಡೆಗೆ. ಹೊಳೆಯ ಹೆಸರು ಗ್ವಾದಲ್ಕಿವಿರ್. ಅರಬ್ಬಿಯ ‘ಅಲ್‌ ವಾದಿ ಅಲ್‌ ಕಬೀರ್’ ಸ್ಪ್ಯಾನಿಷ್ ನಾಲಿಗೆಯಲ್ಲಿ ಸವೆದು ಹೀಗಾಗಿದೆ. ನಮ್ಮ ಮಾತಿನಲ್ಲಿ ಹೇಳಿದರೆ ದೊಡ್ಡಹೊಳೆ, ಅಷ್ಟೇ. ಅದರ ಮೇಲೆ ‘ರೋಮನ್ ಸೇತುವೆ’. ಹದಿನಾರು ಕಮಾನು. ಊರಿನ ಕಡೆಯ ಬಾಗಿಲಿನಿಂದ, ಅಂದರೆ ಪುಯೆರ್ತಾ ದೆಲ್ ಪುಯೆಂತೆಯಿಂದ, ಎಣಿಸುತ್ತಾ ಹೋದರೆ ಹದಿನಾಲ್ಕು ಮತ್ತು ಹದಿನೈದನೆಯ ಕಮಾನು ಮಾತ್ರ ರೋಮನ್ನರ ಕಾಲದವು. ಉಳಿದವನ್ನು ಪ್ರವಾಹ, ಯುದ್ಧಗಳ ನಂತರ ಅರಬ್ಬರು, ಆಮೇಲೆ ಬಂದವರು ಮತ್ತೆ ಮತ್ತೆ ಕಟ್ಟಿದ್ದಾರೆ. ಎಣಿಕೆ ಮೇಲಿನಿಂದ ಆಗುವುದಿಲ್ಲ. ದಂಡೆಗೆ ಇಳಿದು ಪಕ್ಕದಿಂದ ನೋಡಬೇಕು. ಸೇತುವೆಯ ನಡುವೆ ಸಂತ ರಾಫೆಲ್‌ನ ಪ್ರತಿಮೆ, ಪ್ಲೇಗು ಕಳೆದ ಮೇಲೆ 1651ರಲ್ಲಿ ನಿಲ್ಲಿಸಿದ್ದು. ಅದರ ಬುಡದಲ್ಲಿ ಮೇಣದಬತ್ತಿ ಉರಿಯುತ್ತಲೇ ಇರುತ್ತದೆ, ಹರಿದ ಮೇಣ ಕಲ್ಲಿಗೆ ಅಂಟಿ ಪದರಗಟ್ಟಿದೆ.

ಸೇತುವೆಯ ಕೆಳಗೆ ಹೊಳೆ ಹೊಳೆಯಂತಿಲ್ಲ, ಜೊಂಡು ಮತ್ತು ನಡುಗಡ್ಡೆಗಳ ತೋಪಿನಂತಿದೆ. ಬೆಳ್ಳಕ್ಕಿಗಳು ಗುಂಪುಗುಂಪಾಗಿ ಗೂಡಿಗೆ ಮರಳುತ್ತವೆ. ದಂಡೆಯಲ್ಲಿ ಅಲ್ಬೊಲಾಫಿಯಾ ಎಂಬ ದೊಡ್ಡ ನೀರಿನ ಚಕ್ರ, ಹೊಳೆಯ ನೀರೆತ್ತಿ ಅರಮನೆಯ ತೋಟಕ್ಕೆ ಹರಿಸುತ್ತಿದ್ದದ್ದು. ಪಕ್ಕದ ಅರಮನೆಯಲ್ಲಿ ತಂಗಿದ್ದ ರಾಣಿ ಇಸಬೆಲ್ಲಾ ಅದರ ಕೀರಲು ಸದ್ದಿಗೆ ನಿದ್ದೆ ಬಾರದೆ ಬಿಚ್ಚಿಸಿಹಾಕಿದಳೆಂದು ಊರವರು ಹೇಳುತ್ತಾರೆ. ಈಗಿರುವುದು ಇಪ್ಪತ್ತನೆಯ ಶತಮಾನದಲ್ಲಿ ಮಾಡಿಟ್ಟ ನಕಲು. ಆಚೆ ದಡದ ಕಲಾಹೋರಾ ಗೋಪುರದ ಬುಡಕ್ಕೆ ಹೋಗಿ ತಿರುಗಿ ನಿಂತರೆ ಸೇತುವೆ, ಬಾಗಿಲು, ಹಿಂದೆ ಮಸೀದಿಯ ಗೋಡೆ, ಗೋಡೆಯ ನಡುವೆ ಎದ್ದ ಕೆಥೆಡ್ರಲ್, ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಮೇನಲ್ಲಿ ಹೊತ್ತು ಮುಳುಗುವುದು ಒಂಬತ್ತರ ಮೇಲೆ. ದೀಪ ಹತ್ತುವ ತನಕ ಕಾಯಬೇಕು.

ರಾತ್ರಿಯೂಟಕ್ಕೆ ಹೋಟೆಲುಗಳ ಅಡುಗೆಮನೆ ಬಾಗಿಲು ತೆರೆಯುವುದೇ ಎಂಟೂವರೆಯ ಮೇಲೆ. ಸಸ್ಯಾಹಾರಿಗಳಿಗೆ ಇಲ್ಲಿ ಒಂದು ಭಾಗ್ಯವಿದೆ: ‘ಬೆರೆಂಖೇನಾಸ್ ಕೊನ್ ಮಿಯೆಲ್’. ಉದ್ದಕ್ಕೆ ಸೀಳಿದ ಬದನೆಯನ್ನು ಹಿಟ್ಟಿನಲ್ಲಿ ಹೊರಳಿಸಿ ಗರಿಗರಿಯಾಗಿ ಕರಿದು, ಮೇಲೆ ಜೇನು ಸುರಿದು ಕೊಡುತ್ತಾರೆ. ಹೆಸರಿಗೆ ಜೇನು, ಸುರಿಯುವುದು ಮಾತ್ರ ಕಬ್ಬಿನ ಪಾಕ, ಕಪ್ಪಗೆ, ತುಸು ಕಹಿ. ಕಣ್ಣು ಮುಚ್ಚಿ ತಿಂದರೆ ಜೋನಿಬೆಲ್ಲ.

ಎರಡನೆಯ ದಿನ, ಶುಕ್ರವಾರ

ಇಡೀ ಬೆಳಗು ಮೆಸ್ಕೀತಾಕ್ಕೇ, ಅಂದರೆ ಈಗ ಕೆಥೆಡ್ರಲ್ ಆಗಿರುವ ಹಳೆಯ ದೊಡ್ಡ ಮಸೀದಿಗೆ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 8:30ರಿಂದ 9:30ರವರೆಗೆ ಟಿಕೆಟ್ ಇಲ್ಲದೆ ಒಳಗೆ ಬಿಡುತ್ತಾರೆ. ಆ ಹೊತ್ತಿನಲ್ಲಿ ಗೈಡ್ ಹಿಡಿದ ಗುಂಪುಗಳಿಗೆ ಪ್ರವೇಶವಿಲ್ಲ, ಆದ್ದರಿಂದ ಕಂಬಗಳ ನಡುವೆ ಮೌನ ಸಿಗುವುದು ಆಗ ಮಾತ್ರ. ಆದರೆ ಒಂಬತ್ತೂವರೆಗೆ ಕೆಲವು ನಿಮಿಷ ಮೊದಲೇ ಎಲ್ಲರನ್ನೂ ಹೊರಡಿಸುತ್ತಾರೆ, ಟಿಕೆಟ್ ಇದ್ದವರೂ ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು. ಒಂದು ಗಂಟೆ ಸಾಲದು. ಉಚಿತದ ಹೊತ್ತಿನಲ್ಲಿ ಸುಮ್ಮನೆ ತಿರುಗಿ, ಆಮೇಲೆ ಟಿಕೆಟ್ ತೆಗೆದು ಬಿಡಿಬಿಡಿಯಾಗಿ ನೋಡುವುದು ಜಾಣತನ. ಭಾನುವಾರ ಬೆಳಗಿನ ಪೂಜೆಗಾಗಿ ನಡುವೆ ಪ್ರವಾಸಿಗರಿಗೆ ಬಾಗಿಲು ಮುಚ್ಚುತ್ತದೆ. ಗಂಡಸರು ಟೋಪಿ ತೆಗೆಯಬೇಕು. ಮರೆತರೆ ಕಾವಲಿನವರು ಬಂದು ತಲೆಯತ್ತ ಬೆರಳು ತೋರುತ್ತಾರೆ.

ಒಳಗೆ ಕಾಲಿಟ್ಟ ಕ್ಷಣ ಕಣ್ಣಿಗೆ ಬೀಳುವುದು ಕೆಂಪು ಬಿಳಿ ಪಟ್ಟೆಯ ಕಮಾನುಗಳ ಕಾಡು. 850ಕ್ಕೂ ಹೆಚ್ಚು ಕಂಬ. ಎಲ್ಲರೂ ಅಲ್ಲಿಂದ ನೇರವಾಗಿ ಚಿನ್ನದ ಮಿಹ್ರಾಬಿನತ್ತ, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡಿನತ್ತ, ನಡೆಯುತ್ತಾರೆ. ಹಾಗೆ ಹೋದರೆ ಕಟ್ಟಡದ ಅರ್ಧ ಕಥೆ ಬಿಟ್ಟುಹೋಯಿತು. ಬಾಗಿಲ ಬಳಿಯಲ್ಲೇ ಹತ್ತು ನಿಮಿಷ ನಿಂತು ಕಂಬಗಳ ಬುಡ ನೋಡಿ.

785ರ ಸುಮಾರಿಗೆ ಇಲ್ಲಿನ ಅರಬ್ ದೊರೆ ಒಂದನೆಯ ಅಬ್ದ್ ಅಲ್ ರಹಮಾನ್ ಮಸೀದಿ ಶುರು ಮಾಡಿದಾಗ ಹೊಸ ಕಂಬ ಕಡೆಯಲು ಕೂರಲಿಲ್ಲ. ಹಾಳುಬಿದ್ದ ರೋಮನ್ ಮತ್ತು ಅವರ ನಂತರ ಆಳಿದ ವಿಸಿಗೋಥ್ ಕಟ್ಟಡಗಳ ಕಂಬಗಳನ್ನು ತಂದು ನಿಲ್ಲಿಸಿದರು. ಒಂದು ನಯ, ಪಕ್ಕದ್ದು ತಿರುಚು ಗೀರಿನದು. ಒಂದು ಬೂದು, ಇನ್ನೊಂದು ಗುಲಾಬಿ. ಬೋದಿಗೆಗಳೂ ಹಾಗೆಯೇ, ಒಂದರಂತೆ ಒಂದಿಲ್ಲ. ಎರವಲು ತಂದದ್ದರ ಕಷ್ಟ ಅಳತೆಯಲ್ಲಿ: ಗಿಡ್ಡ ಕಂಬಕ್ಕೆ ಪೀಠ ಕೊಡಬೇಕು, ಉದ್ದದ್ದನ್ನು ನೆಲದೊಳಗೆ ಇಳಿಸಬೇಕು. ಇಷ್ಟೆಲ್ಲ ಮಾಡಿದರೂ ದೊಡ್ಡ ಹಜಾರಕ್ಕೆ ಬೇಕಾದ ಎತ್ತರ ಬರಲಿಲ್ಲ. ಅದಕ್ಕೆ ಕಂಡುಕೊಂಡ ಉಪಾಯವೇ ಈ ಕಟ್ಟಡದ ಹೆಗ್ಗಳಿಕೆ. ಕಂಬದ ಬೋದಿಗೆಯ ಮೇಲೆ ಒಂದು ದಪ್ಪ ಕಲ್ಲು, ಅದರ ಮೇಲೆ ಚೌಕನೆಯ ಇನ್ನೊಂದು ಕಂಬ. ಕೆಳಗಡೆ ಕುದುರೆಲಾಳದಾಕಾರದ ಕಮಾನು ಕಂಬದಿಂದ ಕಂಬಕ್ಕೆ ಹಾದು ಅವು ವಾಲದಂತೆ ಹಿಡಿಯುತ್ತದೆ. ಅದರ ಮೇಲೆ, ನಡುವೆ ಬಯಲು ಬಿಟ್ಟು, ಅರ್ಧಚಂದ್ರದ ಎರಡನೆಯ ಕಮಾನು ಚಾವಣಿಯ ಭಾರ ಹೊರುತ್ತದೆ. ಮೇಲೆ ಹೋದಂತೆ ಗೋಡೆ ದಪ್ಪವಾಗುತ್ತದೆ, ಕೆಳಗೆ ತೆಳ್ಳಗೆ. ಆ ದಪ್ಪ ಗೋಡೆಯ ನೆತ್ತಿಯಲ್ಲಿ ಮಳೆನೀರಿನ ಕಾಲುವೆ. ಕೆಂಪು ಇಟ್ಟಿಗೆ, ಬಿಳಿ ಕಲ್ಲು ಒಂದಾದ ಮೇಲೊಂದು ಬರುವುದು ಬರೀ ಅಂದಕ್ಕಲ್ಲ: ಇಟ್ಟಿಗೆಯ ಸಾಲುಗಳು ಗಾರೆಯ ಜೊತೆ ತುಸು ಅಲುಗಾಡಲು ಎಡೆ ಕೊಡುತ್ತವೆ, ಬರೀ ಕಲ್ಲಾದರೆ ಬಿರುಕು ಬೇಗ. ರೋಮನ್ನರು ಮೆರಿದಾ ಊರಿನ ಮೇಲ್ಗಾಲುವೆಯಲ್ಲಿ ಇದೇ ಬಗೆಯಲ್ಲಿ ಕಟ್ಟಿದ್ದರು.

ಇಲ್ಲಿಂದ ಮುಂದೆ ನಡೆಯುವುದೆಂದರೆ ಇನ್ನೂರು ವರ್ಷ ದಾಟುವುದು. ಒಂಬತ್ತನೆಯ ಶತಮಾನದಲ್ಲಿ ಎರಡನೆಯ ಅಬ್ದ್ ಅಲ್ ರಹಮಾನ್ ದಕ್ಷಿಣಕ್ಕೆ ಬೆಳೆಸಿದ. 960ರ ದಶಕದಲ್ಲಿ ಎರಡನೆಯ ಅಲ್ ಹಕಮ್ ಇನ್ನೂ ದಕ್ಷಿಣಕ್ಕೆ. ಅಲ್ ಹಕಮನ ಭಾಗ ಬಂತೆಂದು ತಿಳಿಯಲು ಫಲಕ ಬೇಡ. ಕಂಬಗಳು ಒಮ್ಮೆಗೇ ಒಂದೇ ಅಳತೆಗೆ ಬರುತ್ತವೆ, ನೀಲಿಗಪ್ಪು ಒಂದು, ಕೆಂಪು ಒಂದು ಎಂದು ಸರದಿ ಹಿಡಿಯುತ್ತವೆ. ಖಲೀಫನ ಬೊಕ್ಕಸ ತುಂಬಿತ್ತು. ಎರವಲಿನ ಕಾಲ ಮುಗಿದು ಹೇಳಿ ಕಡೆಸುವ ಕಾಲ ಬಂದಿತ್ತು. ಮಿಹ್ರಾಬಿನ ಚಿನ್ನದ ಗಾಜುಹರಳಿನ ಕೆಲಸಕ್ಕೆ ಬೈಜಾಂಟಿಯಂ (ಪೂರ್ವ ರೋಮನ್) ಚಕ್ರವರ್ತಿಯೇ ಕುಶಲಕರ್ಮಿಯನ್ನೂ ಹರಳನ್ನೂ ಕಳಿಸಿಕೊಟ್ಟನೆಂದು ಅರಬ್ ಚರಿತ್ರೆಕಾರರು ಬರೆದಿದ್ದಾರೆ. ಆದರೂ ಅದರ ಕಮಾನಿನ ಎರಡೂ ಬದಿಗಿರುವ ನಾಲ್ಕು ಪುಟ್ಟ ಕಂಬಗಳನ್ನು ನೋಡಿ: ಅವು ಹಿಂದಿನ ಮಿಹ್ರಾಬಿನಿಂದ ಬಿಚ್ಚಿ ತಂದವು. ಹಣವಿದ್ದಾಗಲೂ ಹಿರಿಯರ ಕಂಬ ಬಿಡಲಿಲ್ಲ. ಮುಂದೆ ಕಬ್ಬಿಣದ ಕಟಕಟೆ ಇರುವುದರಿಂದ ಹತ್ತಿರ ಹೋಗಲಾಗದು. ಒಳಗೋಣೆಯ ಚಾವಣಿಗೆ ಒಂದೇ ಅಮೃತಶಿಲೆಯಲ್ಲಿ ಕಡೆದ ಚಿಪ್ಪು ಕಾಣಬೇಕಾದರೆ ಕಟಕಟೆಗೆ ಒರಗಿ ತುಸು ಬಾಗಬೇಕು.

ಮಿಹ್ರಾಬ್ ಮಸೀದಿಯ ನಡುಮಧ್ಯಕ್ಕಿಲ್ಲ ಎಂಬುದು ಆಮೇಲೆ ತಲೆಗೆ ಹೊಳೆಯುತ್ತದೆ. ಅದಕ್ಕೆ ಕಾರಣ ಖಲೀಫನ ಹೆಸರಲ್ಲಿ ಆಳುತ್ತಿದ್ದ ಮಂತ್ರಿ ಅಲ್ ಮನ್ಸೂರ್. 987ರ ಸುಮಾರಿಗೆ ಅವನು ಮತ್ತೆ ಬೆಳೆಸಲು ಹೊರಟಾಗ ದಕ್ಷಿಣಕ್ಕೆ ಹೊಳೆಯ ಇಳಿಜಾರು, ಪಶ್ಚಿಮಕ್ಕೆ ಅರಮನೆ. ಉಳಿದದ್ದು ಪೂರ್ವ. ಎಂಟು ಸಾಲು ಪಕ್ಕಕ್ಕೆ ಸೇರಿಸಿದ, ಮಿಹ್ರಾಬ್ ಒಂದು ಬದಿಗೆ ಸರಿದಂತಾಯಿತು. ಇದು ದೊಡ್ಡ ಭಾಗ, ಅವಸರದ ಭಾಗ. ಕಮಾನಿನ ಕೆಂಪನ್ನು ಹತ್ತಿರದಿಂದ ನೋಡಿದರೆ ಹಲವೆಡೆ ಇಟ್ಟಿಗೆಯೇ ಇಲ್ಲ, ಕಲ್ಲಿಗೆ ಬಳಿದ ಬಣ್ಣ! ಕಂಬಗಳ ಮೇಲೆ ಕಲ್ಲುಕುಟಿಗರು ಕೊರೆದ ಹೆಸರು, ಗುರುತುಗಳಿವೆ. ಬೆಳಕು ಓರೆಯಾಗಿ ಬೀಳುವಾಗ ಹುಡುಕಿ.

ಇದೇ ಅಲ್ ಮನ್ಸೂರ್ 997ರಲ್ಲಿ ಉತ್ತರದ ಕ್ರೈಸ್ತ ಯಾತ್ರಾಸ್ಥಳ ಸಾಂತಿಯಾಗೊ ದೆ ಕೊಂಪೊಸ್ತೆಲಾದ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ತಂದು ಮಸೀದಿಯಲ್ಲಿ ದೀಪ ಮಾಡಿಸಿದನಂತೆ. 1236ರಲ್ಲಿ ಊರು ಗೆದ್ದ ಕ್ರೈಸ್ತ ದೊರೆ ಮೂರನೆಯ ಫರ್ಡಿನಾಂಡ್ ಅವನ್ನೇ ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ವಾಪಸು ಕಳಿಸಿದನೆಂದು ಕ್ರೈಸ್ತರ ಚರಿತ್ರೆ.

ಗೆದ್ದವರು ಮುನ್ನೂರು ವರ್ಷ ಅಲ್ಲಲ್ಲಿ ಪ್ರಾರ್ಥನಾ ಕೋಣೆ ಕಟ್ಟಿಕೊಂಡು ಸುಮ್ಮನಿದ್ದರು. 1523ರಲ್ಲಿ ಬಿಷಪ್ ನಟ್ಟನಡುವೆ ಕೆಥೆಡ್ರಲ್ ಎಬ್ಬಿಸಲು ಹೊರಟಾಗ ತಡೆಯಲು ನಿಂತದ್ದು ಊರಿನ ನಗರಸಭೆ. ಕೆಲಸಕ್ಕೆ ಕೈಹಾಕಿದವರಿಗೆ ಮರಣದಂಡನೆ ಎಂದೂ ಸಾರಿತು. ದೊರೆ ಐದನೆಯ ಚಾರ್ಲ್ಸ್ ಬಿಷಪ್ಪನ ಪರ ಒಪ್ಪಿಗೆ ಕೊಟ್ಟ. ಆಮೇಲೆ ಬಂದು ನೋಡಿ ಕೈಕೈ ಹಿಸುಕಿಕೊಂಡನೆಂದು ಐತಿಹ್ಯ. ಹೆರ್ನಾನ್ ರೂಯಿಸ್ ಎಂಬ ಹೆಸರಿನ ಅಪ್ಪ, ಮಗ, ಮೊಮ್ಮಗ ಮೂವರೂ ಇದರ ಕೆಲಸ ಮಾಡಿದರು, ಮುಗಿದದ್ದು 1607ರಲ್ಲಿ. ನಮಗೆ ಇಷ್ಟವಾದ ಜಾಗ ಕೆಥೆಡ್ರಲ್ಲಿನ ಒಳಗಲ್ಲ, ಅದರ ಅಂಚು. ತಗ್ಗಿನ ಕತ್ತಲ ಕಮಾನು ಇದ್ದಕ್ಕಿದ್ದಂತೆ ಮುಗಿದು ಬಿಳಿಯ ಎತ್ತರ ಶುರುವಾಗುವ ಹೊಲಿಗೆ ಅಲ್ಲಿದೆ. ಅಲ್ಲೊಂದು ಖಲೀಫನ ಕಮಾನನ್ನು ಹಾಗೇ ಹೊಸ ಗೋಡೆಯೊಳಗೆ ನುಂಗಿಸಿದ್ದಾರೆ. ಕೆಡವಿದ್ದಕ್ಕೆ ಸಿಟ್ಟು ಬರುತ್ತದೆ, ನಿಜ. ಆದರೆ ಕೆಥೆಡ್ರಲ್ ಆಗಿ ಬಳಕೆಯಲ್ಲಿದ್ದದ್ದರಿಂದಲೇ ಉಳಿದ ಕಂಬಗಳು ಉಳಿದವು ಎಂಬುದನ್ನೂ ಒಪ್ಪಬೇಕು.

ಗಂಟೆಗೋಪುರಕ್ಕೆ ಬೇರೆ ಟಿಕೆಟ್, ಅರ್ಧ ಗಂಟೆಗೊಂದು ತಂಡ. ಇಲ್ಲಿ ಹಲವರು ಎಡವುತ್ತಾರೆ: ಮಸೀದಿ ನೋಡಿ ಮುಗಿಸಿ ಬಂದು ಕೇಳಿದರೆ ಸಂಜೆಯವರೆಗೂ ಜಾಗವಿಲ್ಲ ಎನ್ನುತ್ತಾರೆ. ಬೆಳಿಗ್ಗೆ ಮೊದಲು ಇದನ್ನೇ ಕಾದಿರಿಸಿ. 54 ಮೀಟರ್ ಎತ್ತರ, ಲಿಫ್ಟ್ ಇಲ್ಲ, ಕಡಿದಾದ ಮೆಟ್ಟಿಲು. ಹತ್ತುವಾಗ ಗೋಡೆ ಗಮನಿಸಿದರೆ ಒಳಗೆ ಹತ್ತನೆಯ ಶತಮಾನದ ಮಿನಾರು ಕಾಣುತ್ತದೆ. 1589ರ ಬಿರುಗಾಳಿಯಲ್ಲಿ ಅದು ಜಖಂ ಆದಾಗ ಕೆಡವುವ ಬದಲು ಸುತ್ತ ಹೊಸ ಗೋಡೆಯ ಅಂಗಿ ತೊಡಿಸಿದರು.

ಕಿತ್ತಳೆ ಮರಗಳ ಅಂಗಳದಲ್ಲಿ ಉದುರಿದ ಹಣ್ಣು ಕಂಡು ಆಸೆಪಡಬೇಡಿ. ಅದು ನಮ್ಮ ಹೇರಳೆಕಾಯಿಯ ಜಾತಿಯದು, ಕಹಿ ಹುಳಿ.

ಮೂರನೆಯ ದಿನ, ಶನಿವಾರ

ಊರಿನಿಂದ ಪಶ್ಚಿಮಕ್ಕೆ ಎಂಟು ಕಿಲೋಮೀಟರ್, ಬೆಟ್ಟದ ತಪ್ಪಲಲ್ಲಿ ಮದೀನಾ ಅಸಹಾರಾ ಎಂಬ ಪಾಳುನಗರ. ಸೋಮವಾರ ಇದಕ್ಕೆ ರಜೆ. ಊರಿನ ಹಲವು ಸ್ಮಾರಕಗಳಿಗೂ ಅಂದೇ ರಜೆ. ಪ್ರವಾಸದಲ್ಲಿ ಸೋಮವಾರ ನುಸುಳದಂತೆ ನೋಡಿಕೊಳ್ಳಿ. ಪಾಸಿಯೊ ದೆ ಲಾ ವಿಕ್ಟೋರಿಯಾ ರಸ್ತೆಯಿಂದ ಬೆಳಿಗ್ಗೆ ಪ್ರವಾಸಿ ಬಸ್ಸು ಹೊರಡುತ್ತದೆ. ಅದು ಬಿಡುವುದು ತಪ್ಪಲಿನ ಮ್ಯೂಸಿಯಂ ಬಳಿ. ಅಲ್ಲಿಂದ ಪಾಳುನಗರಕ್ಕೆ ಇನ್ನೊಂದು ಪುಟ್ಟ ಬಸ್ಸು, ಬೇರೆ ಟಿಕೆಟ್. ಪ್ರವೇಶದ ಚೀಟಿ ಪಡೆದವರು ಈ ಎರಡನೆಯ ಬಸ್ಸಿನ ಚೀಟಿ ಮರೆತು ಸಾಲಿನ ತುದಿಗೆ ಮರಳುವುದು ದಿನಾ ನಡೆಯುವ ಪ್ರಹಸನ. ಊರಿಗೆ ಮರಳುವ ಬಸ್ಸಿನ ಹೊತ್ತೂ ಗೊತ್ತುಪಡಿಸಿದ್ದು, ಅದು ತಪ್ಪಿದರೆ ಬಯಲಲ್ಲಿ ಟ್ಯಾಕ್ಸಿಗೆ ಕಾಯಬೇಕು. ಮೇಲೆ ನೆರಳು ಕಮ್ಮಿ. ಒಬ್ಬರಿಗೆ ಒಂದೂವರೆ ಲೀಟರ್ ನೀರು, ಟೋಪಿ ಬೇಕೇ ಬೇಕು.

ಮೂರನೆಯ ಅಬ್ದ್ ಅಲ್ ರಹಮಾನ್ ತನ್ನನ್ನು ಖಲೀಫನೆಂದು ಸಾರಿಕೊಂಡ ಮೇಲೆ, 936ರ ಸುಮಾರಿಗೆ ಶುರುವಾದ ರಾಜಧಾನಿಯಿದು. ಒಂದೂವರೆ ಕಿಲೋಮೀಟರ್ ಉದ್ದ, ಅದರ ಅರ್ಧದಷ್ಟು ಅಗಲ. ಅಗೆದು ತೆಗೆದದ್ದು ಹತ್ತರಲ್ಲೊಂದು ಪಾಲು ಮಾತ್ರ. ಬೆಟ್ಟದ ಇಳಿಜಾರನ್ನು ಮೂರು ಜಗಲಿಯಾಗಿ ಕತ್ತರಿಸಿದ್ದಾರೆ: ಮೇಲೆ ಅರಮನೆ, ನಡುವೆ ಕಚೇರಿ ಮತ್ತು ತೋಟ, ಕೆಳಗೆ ಊರು. ನೀರು ಬಂದದ್ದು ರೋಮನ್ನರ ಹಳೆಯ ಮೇಲ್ಗಾಲುವೆ ರಿಪೇರಿ ಮಾಡಿಸಿ. ಕೆಳಗಿನ ಮಸೀದಿಯ ಅಡಿಪಾಯ ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಸುತ್ತಲಿನ ಕಟ್ಟಡಗಳೆಲ್ಲ ಒಂದು ದಿಕ್ಕು, ಅದೊಂದೇ ಓರೆ. ಮೆಕ್ಕಾ ಇರುವ ಆಗ್ನೇಯ ದಿಕ್ಕಿಗೆ ಅದನ್ನು ತಿರುಗಿಸಿ ಕಟ್ಟಿದ್ದಾರೆ. ನಿನ್ನೆ ನೋಡಿದ ಮೆಸ್ಕೀತಾ ಹಾಗಲ್ಲ, ಅದರ ಮುಖ ಹೆಚ್ಚು ದಕ್ಷಿಣಕ್ಕಿದೆ.

ದರ್ಬಾರು ಹಾಲು, ‘ಸಲೋನ್ ರೀಕೊ’, ರಿಪೇರಿಗಾಗಿ ವರ್ಷಗಟ್ಟಲೆ ಮುಚ್ಚಿದ್ದ ಜಾಗ. ತೆರೆದಿದೆಯೇ ಎಂದು ಹೊರಡುವ ಮುಂಚೆ ಕೇಳಿ. ಅಲ್ಲಿನ ಎಲೆಬಳ್ಳಿಯ ಕೆತ್ತನೆ ಗೋಡೆಯ ಕಲ್ಲಿನಲ್ಲೇ ಕೊರೆದದ್ದಲ್ಲ. ಬೇರೆ ಕಲ್ಲುಹಲಗೆಯಲ್ಲಿ ಕೆತ್ತಿ ಗೋಡೆಗೆ ಕೂರಿಸಿದ್ದು. ಹಾಗಾಗಿ 1010ರ ಅಂತರ್ಯುದ್ಧದಲ್ಲಿ ಊರು ಸುಲಿಗೆಯಾಗಿ ಗೋಡೆ ಉರುಳಿದಾಗ ಹಲಗೆಗಳು ಸಾವಿರಾರು ಚೂರಾಗಿ ಚೆಲ್ಲಿದವು. 1940ರ ದಶಕದಿಂದ ಆ ಚೂರುಗಳನ್ನು ಹೊಂದಿಸುವ ಕೆಲಸ ನಡೆದೇ ಇದೆ. ಗೋಡೆಯಲ್ಲಿ ನಡುನಡುವೆ ಬೋಳು ಕಾಣುವುದು ಚೂರು ಸಿಗದ ಜಾಗ. ಉಳಿದ ಕಲ್ಲನ್ನು ಊರವರು ಶತಮಾನಗಟ್ಟಲೆ ಸಾಗಿಸಿದರು. ಮೇಲಿನ ಬೆಟ್ಟದ ಸಾನ್ ಹೆರೋನಿಮೊ ಮಠ ಕಟ್ಟಿದ್ದು ಇಲ್ಲಿನ ಕಲ್ಲಿನಿಂದಲೇ. ರೋಮನ್ನರಿಂದ ಎತ್ತಿಕೊಂಡವರ ಊರನ್ನು ಇನ್ನೊಬ್ಬರು ಎತ್ತಿಕೊಂಡರು.

ಎರಡು ಗಂಟೆಗೆ ಊರಿಗೆ ಮರಳಿ ಊಟ. ಸಾಲ್ಮೊರೇಖೊ ಇಲ್ಲಿ ಪ್ರತಿ ಮನೆಯ ತಣ್ಣನೆಯ ಊಟ. ಬಡಿಸಿದ ಹೆಂಗಸು ಅಳತೆ ಹೇಳಿದ್ದು ಹೀಗೆ: ಒಂದು ಕಿಲೋ ಚೆನ್ನಾಗಿ ಹಣ್ಣಾದ ಟೊಮೆಟೊ, 200 ಗ್ರಾಂ ಹಿಂದಿನ ದಿನದ ‘ತೆಲೇರಾ’ ಬ್ರೆಡ್ಡಿನ ತಿರುಳು, 150 ಮಿಲಿಲೀಟರ್ ಆಲಿವ್ ಎಣ್ಣೆ, ಒಂದೇ ಎಸಳು ಬೆಳ್ಳುಳ್ಳಿ, ಉಪ್ಪು. ನೀರು ಒಂದು ತೊಟ್ಟೂ ಇಲ್ಲ. ಟೊಮೆಟೊ ರುಬ್ಬಿ ಸೋಸಿ, ಆ ರಸದಲ್ಲಿ ಬ್ರೆಡ್ ಹತ್ತು ನಿಮಿಷ ನೆನೆಯಬೇಕು. ಆಮೇಲೆ ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ರುಬ್ಬಿ, ಎಣ್ಣೆಯನ್ನು ಕೊನೆಗೆ ದಾರದಂತೆ ಬಿಡಬೇಕು. ಬಣ್ಣ ಕೆಂಪಿನಿಂದ ಕಿತ್ತಳೆಗೆ ತಿರುಗಿದರೆ ಎಣ್ಣೆ ಕೂಡಿಕೊಂಡಿತು ಎಂದರ್ಥ. ಒಮ್ಮೆಗೇ ಸುರಿದರೆ ಒಡೆದು ಎಣ್ಣೆ ಮೇಲೆ ತೇಲುತ್ತದೆ. ಎಣ್ಣೆ ಹಾಕಿದ ಮೇಲೆ ಮಿಕ್ಸಿಯನ್ನು ಜೋರಾಗಿ ತುಂಬಾ ಹೊತ್ತು ಓಡಿಸಿದರೆ ಕಹಿ. ಮೇಲೆ ಬೇಯಿಸಿದ ಮೊಟ್ಟೆ, ಹಂದಿಮಾಂಸದ ಚೂರು ಉದುರಿಸುತ್ತಾರೆ. ಬೇಡವಾದರೆ ಬಡಿಸುವ ಮೊದಲೇ ‘ಸಿನ್ ಖಮೋನ್’ ಎನ್ನಬೇಕು. ಟೊಮೆಟೊ ಅಮೆರಿಕದಿಂದ ಬಂದದ್ದು, ಖಲೀಫರು ಇದರ ರುಚಿ ಕಂಡವರಲ್ಲ.

ಸಂಜೆ ಆರರ ಮೇಲೆ ಪಾಟಿಯೊಗಳು. ಮೇ ಮೊದಲ ಎರಡು ವಾರ ಮನೆಯವರು ತಮ್ಮ ಒಳಂಗಳಗಳನ್ನು ಸ್ಪರ್ಧೆಗಾಗಿ ಎಲ್ಲರಿಗೂ ತೆರೆದಿಡುತ್ತಾರೆ, ಪುಕ್ಕಟೆ. 1921ರಿಂದ ಇರುವ ಸ್ಪರ್ಧೆ. ತೆರೆದಿರುವುದು ಬೆಳಿಗ್ಗೆ 11ರಿಂದ 2, ಸಂಜೆ 6ರಿಂದ 10. ಸಾನ್ ಬಸಿಲಿಯೊ ಕೇರಿಯಲ್ಲಿ ಒಂದೊಂದು ಬಾಗಿಲಿಗೂ ಉದ್ದ ಸಾಲು. ಸಾಂತಾ ಮರೀನಾ, ಸಾನ್ ಲೊರೆಂಸೊ ಕಡೆ ಹೋದರೆ ನಿರಾಳ. ತೊಟ್ಟಿಮನೆ ಕಂಡವರಿಗೆ ಇದರ ಲೆಕ್ಕ ತಟ್ಟನೆ ಹತ್ತುತ್ತದೆ: ನಡುವೆ ಬಾವಿ, ಹೊಳೆಗಲ್ಲಿನ ನೆಲ, ಸುಣ್ಣದ ಗೋಡೆ, ಗೋಡೆಯ ತುಂಬ ಜೆರೇನಿಯಂ ಕುಂಡಗಳು. ಬೆಳಿಗ್ಗೆ ಸಂಜೆ ನೀರು ಹನಿಸಿದಾಗ ಆವಿಯಾಗುವ ನೀರು ಅಂಗಳ ತಣಿಸುತ್ತದೆ. ಎತ್ತರದ ಕುಂಡಕ್ಕೆ ನೀರು ಹಾಕಲು ಉದ್ದನೆಯ ಗಳುವಿನ ತುದಿಗೆ ತಗಡಿನ ಡಬ್ಬಿ ಕಟ್ಟಿರುತ್ತಾರೆ. ಒಂದು ಮನೆಯ ಅಜ್ಜಿ ಆ ಗಳುವನ್ನು ನಮ್ಮ ಕೈಗೆ ಕೊಟ್ಟು ನಕ್ಕರು. ತುಂಬಿದ ಡಬ್ಬಿ ತುದಿಯಲ್ಲಿ ತೂಗುವಾಗ ಗಳು ಬಳುಕುತ್ತದೆ, ಮೊದಲ ಸಲ ನೀರೆಲ್ಲ ಗೋಡೆಗೆ. ಗಳುವಿನ ಬುಡವನ್ನು ಸೊಂಟಕ್ಕೆ ಆನಿಸಿಕೊಂಡು, ಡಬ್ಬಿಗೆ ಅರ್ಧ ಮಾತ್ರ ತುಂಬಬೇಕಂತೆ.

ನಾಲ್ಕನೆಯ ದಿನ, ಭಾನುವಾರ

ಬೆಳಗಿಗೆ ಯಹೂದಿಗಳ ಕೇರಿ. ಕಾಯೆ ಖುದೀಯೊಸ್ ಬೀದಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರ, ಎಷ್ಟು ಸಣ್ಣದೆಂದರೆ ಬಾಗಿಲು ದಾಟಿ ಮುಂದೆ ಹೋಗಿಬಿಡುವವರೇ ಹೆಚ್ಚು. 1315ರದು, ಸ್ಪೇನಿನಲ್ಲಿ ಮಧ್ಯಯುಗದಿಂದ ಚೆನ್ನಾಗಿ ಉಳಿದ ಕೆಲವೇ ಸಿನಗಾಗ್‌ಗಳಲ್ಲಿ ಇದೊಂದು, ಇನ್ನೆರಡು ತೊಲೇದೊದಲ್ಲಿವೆ. 1492ರಲ್ಲಿ ಯಹೂದಿಗಳನ್ನು ಓಡಿಸಿದ ಮೇಲೆ ಹುಚ್ಚುನಾಯಿ ಕಡಿತದವರ ಆಸ್ಪತ್ರೆಯಾಯಿತು, ಆಮೇಲೆ ಚಮ್ಮಾರರ ಸಂಘದ ಪ್ರಾರ್ಥನಾಲಯ. 1884ರಲ್ಲಿ ಗೋಡೆಯ ಗಾರೆ ಉದುರಿ ಕೆಳಗಿನ ಹೀಬ್ರೂ ಅಕ್ಷರ ಹೊರಬಂದಾಗಲೇ ಇದೇನೆಂದು ಜನಕ್ಕೆ ಮತ್ತೆ ತಿಳಿದದ್ದು. ಸುಣ್ಣಗಾರೆಯ ಕುಸುರಿ ಮಾತ್ರ ಮಸೀದಿಗಳದ್ದೇ ಶೈಲಿ. ಹತ್ತು ನಿಮಿಷದ ನೋಟ. ಮೊದಲ ಗುಂಪು ಬರುವ ಮುಂಚೆ ಹೋದರೆ ಮಾತ್ರ ನೋಟ. ಪಕ್ಕದ ಪುಟ್ಟ ಚೌಕದಲ್ಲಿ ಇದೇ ಊರಲ್ಲಿ ಹುಟ್ಟಿದ ಯಹೂದಿ ತತ್ತ್ವಜ್ಞಾನಿ ಮೈಮೊನಿಡಿಸ್ ಕಂಚಿನಲ್ಲಿ ಕೂತಿದ್ದಾನೆ. ಮುಟ್ಟಿದವರ ಕೈ ತಾಗಿ ಅವನ ಪಾದರಕ್ಷೆ ಮಾತ್ರ ಬಂಗಾರದಂತೆ ಹೊಳೆಯುತ್ತದೆ.

ಅಲ್ಲಿಂದ ಅಲ್ಕಾಸರ್, 1328ರ ಕೋಟೆ. ಕೊಲಂಬಸ್ 1486ರಲ್ಲಿ ಇಸಬೆಲ್ಲಾ, ಫರ್ಡಿನಾಂಡರನ್ನು ಕಂಡು ಹಡಗಿಗೆ ಹಣ ಕೇಳಿದ್ದು ಇಲ್ಲಿ. ಮೂರು ಶತಮಾನ ಇನ್‌ಕ್ವಿಸಿಷನ್, ಅಂದರೆ ಧರ್ಮಭ್ರಷ್ಟರೆಂದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯದ ಕಚೇರಿ, ಕೊನೆಗೆ ಜೈಲು. ತೋಟ ಚೆಂದ, ಜನ ಫೋಟೋಕ್ಕೆ ಮುಗಿಬೀಳುತ್ತಾರೆ. ನೋಡಬೇಕಾದದ್ದು ಒಳಗಿನ ಹಾಲಿನ ಗೋಡೆಗೆ ಎತ್ತಿ ನಿಲ್ಲಿಸಿದ ರೋಮನ್ ಮೊಸಾಯಿಕ್‌ಗಳು. 1959ರಲ್ಲಿ ಕೊರೆದೇರಾ ಚೌಕದ ಅಡಿಯಲ್ಲಿ ಸಿಕ್ಕವು. ನೆಲಕ್ಕೆ ಹಾಸಿದ್ದನ್ನು ಗೋಡೆಗೆ ಏರಿಸಿದ್ದರಿಂದ ಕತ್ತು ಎತ್ತಿ ನೋಡಬೇಕು. ದೂರ ನಿಂತಷ್ಟೂ ಚಿತ್ರ ಕೂಡಿಬರುತ್ತದೆ. ನಮಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಭಾನುವಾರ ಮಧ್ಯಾಹ್ನಕ್ಕೇ ಮುಚ್ಚುತ್ತದೆಂದು ಬಾಗಿಲಲ್ಲಿ ತಿಳಿಯಿತು. ಇದನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳಬೇಕಿತ್ತು.

ಸಂಜೆ ಚೀಲ ಹೊತ್ತು ಕೊರೆದೇರಾ ಚೌಕ ದಾಟಿ ಮೇಲೆ ನಡೆದರೆ ನಗರಸಭೆಯ ಪಕ್ಕದಲ್ಲೇ ರೋಮನ್ ದೇಗುಲದ ಕಂಬಗಳು. ದೂರದಿಂದ ನೋಡಿ ಮರುಳಾಗಬೇಡಿ, ಹೆಚ್ಚಿನವು ಇಪ್ಪತ್ತನೆಯ ಶತಮಾನದಲ್ಲಿ ಮರುಕಟ್ಟಿದವು. ಕಟ್ಟಿಸಿದ ಫೆಲಿಕ್ಸ್ ಹೆರ್ನಾಂದೆಸ್ ಮದೀನಾ ಅಸಹಾರಾದ ಚೂರುಗಳನ್ನೂ ಹೊಂದಿಸಿದ ವಾಸ್ತುಶಿಲ್ಪಿ. ಹೊಸ ಕಲ್ಲು ನುಣುಪು, ಹಳೆಯದರ ಮೈ ತೂತು ತೂತು. ರೈಲಿಗೆ ಇನ್ನೂ ಒಂದು ಗಂಟೆಯಿತ್ತು. ಎದುರಿನ ಕಟ್ಟೆಯ ಮೇಲೆ ಕೂತು ಯಾವುದು ಹಳೆಯದು, ಯಾವುದು ಹೊಸದು ಎಂದು ಒಂದೊಂದೇ ಕಂಬ ವಿಂಗಡಿಸಿದೆವು.